ಗುಲಾಬಿ ಜಗ್ಗಿನ ಮೇಲೆ ಗುಣ್ಯಾ, ಕೈವಾರ: ಹಳೆ ಇಂಗ್ಲಿಷ್ ಲಸ್ಟರ್ ಪಾತ್ರೆ ಸಿಕ್ಕರೆ ಹೀಗೆ ಮಾಡಿ

ಮೊದಲ ಮಾತು: ತೊಳೆಯಬೇಡಿ. ಬೆಳಗಾವಿ ಕ್ಯಾಂಪಿನ (ದಂಡಿನ ಪ್ರದೇಶದ) ಯಾವುದೋ ಹಳೆ ಬಂಗಲೆ ಖಾಲಿ ಮಾಡುವಾಗ, ಹಳೆ ಸಾಮಾನಿನ ಅಂಗಡಿಯಲ್ಲಿ, ಅಥವಾ ನಿಮ್ಮದೇ ಮನೆಯ ಅಟ್ಟದ ಮೇಲೆ ಒಂದು ಜಗ್ಗು ಸಿಕ್ಕಿತು ಅಂದುಕೊಳ್ಳಿ. ಬಿಳಿ ಮೈ, ಅದರ ಮೇಲೆ ಗುಲಾಬಿ ಬಣ್ಣ ಚೆಲ್ಲಿದ ಹಾಗೆ, ಬೆಳಕಿಗೆ ಹಿಡಿದರೆ ತಾಮ್ರದಂಥ ಹೊಳಪು. ನಡುವೆ ಕಪ್ಪು ಗೆರೆಯ ಚಿತ್ರ: ಕೈವಾರ, ಮೂಲೆಮಟ್ಟ (ನಮ್ಮ ಗೌಂಡಿಗಳ ಗುಣ್ಯಾ), ಎರಡು ಕಂಬ, ಒಂದು ಕಣ್ಣು, ಸೂರ್ಯ, ಚಂದ್ರ. ಧೂಳು ಹಿಡಿದಿರುತ್ತದೆ, ಕೈ ತಾನಾಗಿಯೇ ನಲ್ಲಿಯ ಕಡೆ ಹೋಗುತ್ತದೆ. ಹೋಗಲು ಬಿಡಬೇಡಿ. ಮೇಜಿನ ಮೇಲೆ ಒಂದು ದಪ್ಪ ಟವೆಲ್ ಹಾಸಿ, ಅದನ್ನು ಅಲ್ಲಿ ಇಡಿ. ಆಮೇಲೆ ಕೂತು ನೋಡಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಅಜ್ಜ ಕ್ಯಾಂಪಿನಲ್ಲಿ ಒಬ್ಬ ಸಾಹೇಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಸಾಹೇಬರು ಊರು ಬಿಡುವಾಗ ಕೊಟ್ಟು ಹೋದ ಸಾಮಾನಿನಲ್ಲಿ ಎರಡು ಪಾತ್ರೆ ಇದ್ದವು, ಒಂದು ಗುಲಾಬಿ ಜಗ್ಗು, ಒಂದು ತಾಮ್ರದ ಬಣ್ಣದ ಮಗ್ಗು. ಜಗ್ಗು ನಮ್ಮ ಮನೆಗೆ ಬಂತು, ಮಗ್ಗು ಚಿಗವ್ವನ ಪಾಲಿಗೆ ಹೋಯಿತು. ಒಂದು ದೀಪಾವಳಿಗೆ ಹೋದಾಗ ನೋಡುತ್ತೇನೆ, ಮಗ್ಗಿನ ಹೊಟ್ಟೆಯ ಮೇಲೆ ಅಂಗೈ ಅಗಲದಷ್ಟು ಜಾಗ ಮಂಕು ಕಂದು. ಹೊಳಪೇ ಇಲ್ಲ. "ಹೊಲಸ ಆಗಿತ್ತಲ್ಲಪ್ಪಾ, ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದೆ. ತಾಮ್ರ ಅಲ್ಲೇನು ಅದು?" ಅಂದಳು. ಅವಳ ತಪ್ಪು ಏನೂ ಇಲ್ಲ. ನಮ್ಮ ಮನೆಗಳಲ್ಲಿ ತಾಮ್ರದ ಹಾಗೆ ಕಂಡದ್ದನ್ನು ಹುಣಸೆಹಣ್ಣಿನಿಂದಲೇ ತಿಕ್ಕುತ್ತೇವೆ. ಯಾರೂ ಅವಳಿಗೆ ಅದು ಮಣ್ಣು ಅಂತ ಹೇಳಿರಲಿಲ್ಲ. ಹಾಗಾಗಿ ಈಗ ನಿಮಗೆ ಹೇಳುತ್ತಿದ್ದೇನೆ: ಅದು ತಾಮ್ರ ಅಲ್ಲ, ಮಣ್ಣು. ಮೇಲಿನ ಹೊಳಪು ಬಂಗಾರದ್ದು, ಅದೂ ಉಸಿರಿನಷ್ಟು ತೆಳು.

ಆ ಹೊಳಪು ಹೇಗೆ ಬಂತು

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲಸ್ಟರ್ ಅಂದರೆ ಹೊಳಪು, ಅಷ್ಟೇ. ಇಂಗ್ಲೆಂಡಿನಲ್ಲಿ 1800ರ ದಶಕದ ಮೊದಲ ವರ್ಷಗಳಲ್ಲಿ ಈ ಪದ್ಧತಿ ಜೋರಾಗಿ ಶುರುವಾಯಿತು. ಬಂಗಾರವನ್ನು ಕಟುವಾದ ಆಮ್ಲದಲ್ಲಿ ಕರಗಿಸುತ್ತಿದ್ದರು. ನಮ್ಮ ಪತ್ತಾರರು ತೇಜಾಬ್ ಅನ್ನುತ್ತಾರಲ್ಲ, ಆ ಜಾತಿಯದು. ಕರಗಿದ ಬಂಗಾರವನ್ನು ಎಣ್ಣೆ, ಟರ್ಪಂಟೈನ್ ಜೊತೆ ಕಲಸಿ, ಆಗಲೇ ಗ್ಲೇಜು (ಗಾಜಿನಂಥ ಹೊಳೆಯುವ ಲೇಪ) ಹಾಕಿ ಸುಟ್ಟಿದ್ದ ಪಾತ್ರೆಯ ಮೇಲೆ ಬ್ರಷ್ಷಿನಿಂದ ತೆಳ್ಳಗೆ ಬಳಿಯುತ್ತಿದ್ದರು. ಆಮೇಲೆ ಮತ್ತೊಮ್ಮೆ ಸಣ್ಣ ಭಟ್ಟಿಯಲ್ಲಿ, ಮೊದಲಿಗಿಂತ ಕಡಿಮೆ ಶಾಖದಲ್ಲಿ ಸುಡುತ್ತಿದ್ದರು. ಎಣ್ಣೆ ಉರಿದು ಹೋಗುತ್ತದೆ, ಲೋಹ ಮಾತ್ರ ಗ್ಲೇಜಿನ ಮೇಲೆ ಪೊರೆಯ ಹಾಗೆ ಕೂರುತ್ತದೆ. ಗ್ಲೇಜಿನ ಒಳಗೆ ಅಲ್ಲ, ಮೇಲೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ.

ಅದೇ ಬಂಗಾರ ಬಿಳಿ ಮೈ ಮೇಲೆ ಗುಲಾಬಿ, ನೇರಳೆ ಆಗಿ ಕಾಣುತ್ತದೆ. ಕಂದು ಅಥವಾ ಕೆಂಪು ಮಣ್ಣಿನ ಮೈ ಮೇಲೆ ತಾಮ್ರದ ಹಾಗೆ ಕಾಣುತ್ತದೆ. ಚಿಗವ್ವನ ಮಗ್ಗು ಈ ಎರಡನೇ ಜಾತಿಯದು. ಬೆಳ್ಳಿಯ ಹಾಗೆ ಕಾಣುವ ಲಸ್ಟರಿನಲ್ಲಿ ಬೆಳ್ಳಿ ಇರುವುದಿಲ್ಲ, ಅದು ಪ್ಲಾಟಿನಂ. ಬೆಳ್ಳಿ ಬಳಸಿದ್ದರೆ ಕಪ್ಪಾಗುತ್ತಿತ್ತು, ಪ್ಲಾಟಿನಂ ಕಪ್ಪಾಗುವುದಿಲ್ಲ. ಬೆಳ್ಳಿ ಪಾತ್ರೆ ಕೊಳ್ಳಲು ಆಗದ ಮನೆಗಳಿಗೆ ಇದು ಒಂದು ದಾರಿಯಾಯಿತು.

ಗುಲಾಬಿ ಜಗ್ಗಿನಲ್ಲಿ ಬಣ್ಣ ಒಂದೇ ಸಮ ಇರುವುದಿಲ್ಲ, ಗುಳ್ಳೆಗುಳ್ಳೆಯಾಗಿ ಒಡೆದಿರುತ್ತದೆ, ಮಳೆಹನಿ ಬಿದ್ದ ಧೂಳಿನ ಅಂಗಳದ ಹಾಗೆ. ಅದು ಕೆಟ್ಟ ಕೆಲಸ ಅಲ್ಲ. ಬಳಿದ ಲಸ್ಟರ್ ಇನ್ನೂ ಹಸಿ ಇರುವಾಗಲೇ ಅದರ ಮೇಲೆ ಎಣ್ಣೆಯ ಸಣ್ಣ ಹನಿ ಚಿಮುಕಿಸುತ್ತಿದ್ದರು. ಹನಿ ಬಿದ್ದಲ್ಲಿ ಬಣ್ಣ ಸುತ್ತ ಸರಿದು ಉಂಗುರ ಆಗುತ್ತಿತ್ತು. ಈ ಚಿಮುಕಿಸಿದ ಗುಲಾಬಿಯನ್ನೇ ಜನ ಸಂಡರ್‌ಲ್ಯಾಂಡ್ ಲಸ್ಟರ್ ಅನ್ನುತ್ತಾರೆ, ಇಂಗ್ಲೆಂಡಿನ ಈಶಾನ್ಯದ ಒಂದು ಬಂದರು ಊರಿನ ಹೆಸರು ಅದು. ಹಾಗಂತ ಎಲ್ಲವೂ ಸಂಡರ್‌ಲ್ಯಾಂಡಿನದ್ದೇ ಅಲ್ಲ. ನ್ಯೂಕ್ಯಾಸಲ್, ಸ್ಟಾಫರ್ಡ್‌ಶೈರ್, ವೇಲ್ಸಿನ ಸ್ವಾನ್ಸಿ ಕಡೆಯ ಕಾರ್ಖಾನೆಗಳೂ ಲಸ್ಟರ್ ಮಾಡಿವೆ. ಕಾರ್ಖಾನೆಯ ಗುರುತು ಇಲ್ಲದಿದ್ದರೆ "ಸಂಡರ್‌ಲ್ಯಾಂಡ್ ಬಗೆಯದು" ಅಂತ ಹೇಳುವುದೇ ಸರಿಯಾದ ಮಾತು.

ಇನ್ನು ಕಪ್ಪು ಚಿತ್ರ. ಅದನ್ನು ಕೈಯಲ್ಲಿ ಬರೆದದ್ದಲ್ಲ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಶಾಯಿ ತುಂಬಿ, ತೆಳು ಕಾಗದದ ಮೇಲೆ ಅಚ್ಚು ತೆಗೆದು, ಆ ಕಾಗದವನ್ನು ಪಾತ್ರೆಗೆ ಒತ್ತಿ ಅಂಟಿಸಿ, ಆಮೇಲೆ ನೆನೆಸಿ ಕಾಗದ ತೆಗೆಯುತ್ತಿದ್ದರು. ಶಾಯಿ ಮಾತ್ರ ಪಾತ್ರೆಯ ಮೇಲೆ ಉಳಿಯುತ್ತಿತ್ತು. ಅದರ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ ತುಂಬುವ ಕೆಲಸ ಹೆಚ್ಚಾಗಿ ಹೆಂಗಸರು, ಮಕ್ಕಳು ಮಾಡುತ್ತಿದ್ದರು. ದಿನಕ್ಕೆ ಎಷ್ಟೋ ಪಾತ್ರೆ ಮುಗಿಸಬೇಕಿತ್ತು, ಹಾಗಾಗಿ ಬಣ್ಣ ಗೆರೆ ದಾಟಿ ಹೊರಗೆ ಹೋಗಿರುತ್ತದೆ. ನಮ್ಮ ಜಗ್ಗಿನಲ್ಲಿ ಸೂರ್ಯನ ಹಳದಿ ಪಕ್ಕದ ಕಂಬದ ಮೇಲೆ ಅರ್ಧ ಬೆರಳಿನಷ್ಟು ಹರಿದಿದೆ. ಒಂದೇ ಏಟಿಗೆ ಬ್ರಷ್ಷು ಎಳೆದು ಮುಂದಿನ ಪಾತ್ರೆಗೆ ಹೋದ ಕೈ ಅದು. ನನಗೆ ಇಡೀ ಜಗ್ಗಿನಲ್ಲಿ ಅತಿ ಇಷ್ಟವಾದ ಜಾಗ ಅದೇ.

ಚಿತ್ರ ಓದುವುದು ಹೇಗೆ

ನಮ್ಮ ಜಗ್ಗಿನ ಮೇಲಿನ ಗುರುತುಗಳನ್ನು ಮೊದಲು ಓದಿದವರು ಯಾವ ಪಂಡಿತರೂ ಅಲ್ಲ. ಹಿತ್ತಲ ಗೋಡೆ ಕಟ್ಟಲು ಬಂದಿದ್ದ ಗೌಂಡಿ. ಚಹಾ ಕುಡಿಯಲು ಒಳಗೆ ಬಂದವರು ಕಪಾಟಿನ ಮುಂದೆ ನಿಂತು, "ಇದು ನಮ್ಮ ಗುಣ್ಯಾ ಅಲ್ರೀ ಸರ? ಇದು ಕರಣಿ. ಇದು ಮಟ್ಟ ಹಿಡಿಯೋದು. ಯಾರ್ರೀ ನಮ್ಮ ಸಾಮಾನೆಲ್ಲಾ ಚರಗಿ ಮ್ಯಾಲೆ ಬರದಾರ?" ಅಂದರು. ನಾನು ಅದುವರೆಗೆ ಅದನ್ನು ಏನೋ ಗುಪ್ತ ಚಿಹ್ನೆ ಅಂತ ಅಂದುಕೊಂಡಿದ್ದೆ. ಅವರಿಗೆ ಅದು ತಮ್ಮ ಚೀಲದ ಸಾಮಾನು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇವು ಫ್ರೀಮೇಸನ್ ಅನ್ನುವ, ಸದಸ್ಯರಷ್ಟೇ ಸಭೆ ಸೇರುವ ಒಂದು ಹಳೆ ಸೋದರ ಸಂಘದ ಗುರುತುಗಳು. ಆ ಹೆಸರಿನಲ್ಲಿರುವ ಮೇಸನ್ ಅಂದರೆ ಕಲ್ಲುಕಟ್ಟುವವನು, ಗೌಂಡಿ. ಆ ಸಂಘದವರು ಗೌಂಡಿಯ ಸಾಮಾನನ್ನು ನಡತೆಯ ಪಾಠಕ್ಕೆ ಗುರುತಾಗಿ ಇಟ್ಟುಕೊಂಡರು. ಮೂಲೆಮಟ್ಟ ಅಂದರೆ ನೇರ ನಡೆ. ಕೈವಾರ ಅಂದರೆ ಆಸೆಗೆ ಒಂದು ಸುತ್ತಳತೆ. ಮಟ್ಟಗೋಲು ಅಂದರೆ ಎಲ್ಲರೂ ಸಮಾನ. ತೂಗುಗುಂಡು ಅಂದರೆ ನೆಟ್ಟಗೆ ನಿಲ್ಲುವುದು. ಕರಣೆ ಅಂದರೆ ಪ್ರೀತಿಯ ಗಾರೆ ಮೆತ್ತಿ ಜನರನ್ನು ಒಂದುಗೂಡಿಸುವುದು. ಎರಡು ಕಂಬಗಳು ಸೊಲೊಮನ್ ರಾಜನ ದೇವಾಲಯದ ಬಾಗಿಲ ಕಂಬಗಳು, ಅವುಗಳ ಹೆಸರು ಯಾಕೀನ್ ಮತ್ತು ಬೋವಜ್. ಕಪ್ಪು ಬಿಳುಪು ಚೌಕಳಿ ನೆಲ ಬದುಕಿನ ಸುಖದುಃಖ. ಕಿರಣ ಸೂಸುವ ಕಣ್ಣು ಎಲ್ಲವನ್ನೂ ನೋಡುವ ದೇವರದು. ಕೆಲವು ಜಗ್ಗುಗಳ ಮೇಲೆ ಮೂರು ಚೌಕ ಸೇರಿಸಿದ ಒಂದು ರೇಖಾಚಿತ್ರ ಇರುತ್ತದೆ. ಅದು ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದ ಪೈಥಾಗೊರಸ್ ಪ್ರಮೇಯವೇ, ಯೂಕ್ಲಿಡ್‌ನ ಮೊದಲ ಪುಸ್ತಕದ 47ನೆಯದು. ಗೋಡೆಯ ಮೂಲೆ ನೇರ ಮಾಡಲು ನಮ್ಮ ಗೌಂಡಿಗಳು 3, 4, 5 ಅಳತೆಯ ದಾರ ಹಿಡಿಯುವುದೂ ಇದೇ ಲೆಕ್ಕ.

ಎಲ್ಲ ಕೈ ಕುಲುಕುವ ಸಂಘವೂ ಫ್ರೀಮೇಸನ್ ಅಲ್ಲ. ಇಲ್ಲಿ ಜನ ಜಾಸ್ತಿ ತಪ್ಪು ಮಾಡುತ್ತಾರೆ. ಬಿಚ್ಚಿದ ಅಂಗೈ ಮೇಲೆ ಹೃದಯ ಇದ್ದರೆ ಅದು ಆಡ್‌ಫೆಲೋಸ್ ಸಂಘದ ಗುರುತು. ಅದರ ಮ್ಯಾಂಚೆಸ್ಟರ್ ಶಾಖೆ 1810ರಲ್ಲಿ ಶುರುವಾಯಿತು. ಜಿಂಕೆ, ಬಿಲ್ಲುಬಾಣ, ಬೇಟೆಯ ಕೊಂಬು ಇದ್ದರೆ ಫಾರೆಸ್ಟರ್ಸ್, ಅವರ ದೊಡ್ಡ ಸಂಘ ಆ ಹೆಸರಿನಲ್ಲಿ ಕಟ್ಟಿಕೊಂಡದ್ದು 1834ರಲ್ಲಿ. ಜೇನುಗೂಡು ಮತ್ತು ಕಣ್ಣು ಒಂದಕ್ಕಿಂತ ಹೆಚ್ಚು ಸಂಘಗಳಲ್ಲಿ ಬರುತ್ತವೆ, ಹಾಗಾಗಿ ಅವನ್ನಷ್ಟೇ ನೋಡಿ ತೀರ್ಮಾನ ಮಾಡಬೇಡಿ. ಆಡ್‌ಫೆಲೋಸ್, ಫಾರೆಸ್ಟರ್ಸ್ ಅಂದರೆ ಹೆಚ್ಚಾಗಿ ದುಡಿಯುವ ಜನರ ಸಂಘಗಳು. ನಾವು ಭಿಶಿ (ಚೀಟಿ) ಹಾಕುತ್ತೇವಲ್ಲ, ಹಾಗೆ ವಾರವಾರ ಚಿಲ್ಲರೆ ಕಾಸು ಕಟ್ಟುತ್ತಿದ್ದರು. ಒಬ್ಬನಿಗೆ ಜಡ್ಡು ಬಿದ್ದು ಕೂಲಿ ತಪ್ಪಿದರೆ ಸಂಘದ ಪೆಟ್ಟಿಗೆಯಿಂದ ಹಣ, ಸತ್ತರೆ ಮಣ್ಣು ಮಾಡುವ ಖರ್ಚು. ಕಾಯಿಲೆ ಬಿದ್ದ ಕೂಲಿಯವರಿಗೆ ಸರ್ಕಾರದ ವಿಮೆ ಇಲ್ಲದ ಕಾಲ ಅದು. ಜಗ್ಗಿನ ಮೇಲಿನ ಆ ಅಂಗೈ ಹೃದಯ ಸುಮ್ನೆ ಅಲಂಕಾರ ಅಲ್ಲ, ಒಬ್ಬ ಕೂಲಿಯವನ ಮನೆಗೆ ಅದೇ ಧೈರ್ಯ.

ಸಂಘದ ಗುರುತಿನ ಹಿಂಭಾಗದಲ್ಲಿ, ಜಗ್ಗಿನ ಇನ್ನೊಂದು ಕೆನ್ನೆಯ ಮೇಲೆ, ಬಹಳ ಸಲ ಒಂದು ಸೇತುವೆ ಇರುತ್ತದೆ. ಕೆಳಗೆ ಹಡಗು ಹಾಯುತ್ತಿರುತ್ತದೆ. ಅದು ಸಂಡರ್‌ಲ್ಯಾಂಡಿನಲ್ಲಿ ವೇರ್ ನದಿಗೆ ಕಟ್ಟಿದ ಎರಕದ ಕಬ್ಬಿಣದ ಸೇತುವೆ, 1796ರಲ್ಲಿ ತೆರೆದದ್ದು, ಒಂದೇ ಕಮಾನು 236 ಅಡಿ. ಕಟ್ಟಿಸಿದ ರೋಲಂಡ್ ಬರ್ಡನ್ ಸ್ವತಃ ಫ್ರೀಮೇಸನ್. 1793ರ ಸೆಪ್ಟೆಂಬರಿನಲ್ಲಿ ಅಡಿಗಲ್ಲು ಹಾಕಿದ್ದೂ ಫ್ರೀಮೇಸನ್ ವಿಧಿಯಲ್ಲೇ. ಹಾಗಾಗಿ ಸೇತುವೆ ಮತ್ತು ಕೈವಾರ ಒಂದೇ ಜಗ್ಗಿನ ಮೇಲೆ ಕೂತದ್ದು ಆಶ್ಚರ್ಯ ಅಲ್ಲ. ಅದು ಆ ಊರಿನ ಹೆಮ್ಮೆ, ನಮಗೆ ಗೋಕಾಕದ ತೂಗುಸೇತುವೆ ಇದ್ದ ಹಾಗೆ.

ಇಲ್ಲಿ ಒಂದು ಎಚ್ಚರ. ಚಿತ್ರದ ಕೆಳಗೆ 1796 ಅಂತ ಅಚ್ಚಾಗಿದ್ದರೆ ಅದು ಸೇತುವೆಯ ವರ್ಷ, ಜಗ್ಗಿನ ವರ್ಷ ಅಲ್ಲ. ಆ ಚಿತ್ರವನ್ನು ಎಷ್ಟೋ ದಶಕ ಅಚ್ಚು ಹಾಕಿದರು. ಅಂಗಡಿಯಲ್ಲಿ ಇದೇ ಇಸವಿ ತೋರಿಸಿ "ಇನ್ನೂರು ವರ್ಷದ್ದು" ಅನ್ನುವವರು ಸಿಗುತ್ತಾರೆ. ಬದಲಿಗೆ ಸೇತುವೆಯ ಆಕಾರ ನೋಡಿ. ಮೊದಲಿನ ಸೇತುವೆಯ ಬೆನ್ನು ನಡುವೆ ಉಬ್ಬಿತ್ತು. 1857ರಿಂದ 1859ರ ನಡುವೆ ರಾಬರ್ಟ್ ಸ್ಟೀಫನ್‌ಸನ್ ಅವರ ಕೈಯಲ್ಲಿ ರಿಪೇರಿ ಆದಾಗ ಆ ಉಬ್ಬು ಹೋಗಿ ಮಟ್ಟಸ ಆಯಿತು. ಚಿತ್ರದಲ್ಲಿ ರಸ್ತೆ ಮಟ್ಟಸವಾಗಿದ್ದರೆ ಜಗ್ಗು ಅದಕ್ಕಿಂತ ಹಿಂದಿನದಾಗಲು ಆಗದು.

ಚಿತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕಾರ್ಖಾನೆಯ ಹೆಸರು ಇರಬಹುದು, ಭೂತಗನ್ನಡಿ ಹಿಡಿದು ಹುಡುಕಿ. ಗ್ಯಾರಿಸನ್ ಪಾಟರಿ ಅನ್ನುವ ಒಂದೇ ಕಾರ್ಖಾನೆ ಪಾಲುದಾರರು ಬದಲಾದ ಹಾಗೆ ಹೆಸರು ಬದಲಿಸಿತು: ಮೊದಲು ಡಿಕ್ಸನ್ ಅಂಡ್ ಕೋ, ಆಮೇಲೆ ಡಿಕ್ಸನ್ ಆಸ್ಟಿನ್, ಕೊನೆಗೆ ಡಿಕ್ಸನ್ ಫಿಲಿಪ್ಸ್. 1865ರಲ್ಲಿ ಅದು ಮುಚ್ಚಿತು. ಸೌತ್‌ವಿಕ್‌ನ ಸ್ಕಾಟ್, ವೇರ್ ಪಾಟರಿಯ ಮೂರ್, ಡೆಟ್‌ಫರ್ಡ್‌ನ ಬಾಲ್ ಅನ್ನುವ ಹೆಸರುಗಳೂ ಸಿಗುತ್ತವೆ. ಯಾವ ಹೆಸರು ಅನ್ನುವುದರಿಂದ ಕಾಲ ಗೊತ್ತಾಗುತ್ತದೆ, ಆದ್ದರಿಂದ ಅಕ್ಷರಕ್ಕೆ ಅಕ್ಷರ ಬರೆದಿಟ್ಟುಕೊಳ್ಳಿ.

ಇನ್ನು ಇವು ಬೆಳಗಾವಿಗೆ ಬಂದ ದಾರಿ. ಕೋಟೆ 1818ರಲ್ಲಿ ಇಂಗ್ಲಿಷರ ಕೈಗೆ ಹೋಯಿತು, ಆಮೇಲೆ ಕ್ಯಾಂಪು ಬೆಳೆಯಿತು. ದಂಡು ಇದ್ದಲ್ಲಿ ಫ್ರೀಮೇಸನ್ ಲಾಡ್ಜು (ಅವರು ಸಭೆ ಸೇರುವ ಮನೆ) ಬರುವುದು ಆ ಕಾಲದ ರೂಢಿ. ಬಾಗಿಲು ಮುಚ್ಚಿಕೊಂಡು ಸಭೆ ಮಾಡುತ್ತಾರೆ ಅಂತ ಉತ್ತರ ಹಿಂದೂಸ್ತಾನದಲ್ಲಿ ಜನ ಆ ಮನೆಗಳನ್ನು ಜಾದೂ ಘರ್ ಅಂತಲೇ ಕರೆಯುತ್ತಿದ್ದರು. ಹಾಗಂತ ಗುರುತು ಇದ್ದ ಜಗ್ಗಿನ ಒಡೆಯ ಸಂಘದವನೇ ಆಗಿರಬೇಕು ಅಂತ ಇಲ್ಲ. ಇವು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನು. ಒಬ್ಬರ ಹೆಸರು, ಊರು, ಇಸವಿ ಕೈಯಲ್ಲಿ ಬರೆಸಿದ್ದು ಇದ್ದರೆ ಮಾತ್ರ ಒಡೆಯನ ಮಾತು ಹೇಳಬಹುದು. ಅಂಥದ್ದು ಸಿಕ್ಕರೆ ನೀವು ಪುಣ್ಯವಂತರು.

ಹಳೆಯದೋ, ಹೊಸದೋ

ಈ ಪಾತ್ರೆಗಳ ನಕಲು 20ನೇ ಶತಮಾನದಲ್ಲಿ ಬೇಕಾದಷ್ಟು ಬಂದಿದೆ. ಎಲ್ಲವೂ ಮೋಸ ಅಲ್ಲ. ಸ್ಟಾಫರ್ಡ್‌ಶೈರಿನ ಗ್ರೇಸ್ ಪಾಟರಿಯಂಥವರು ಹಳೆ ಸಂಡರ್‌ಲ್ಯಾಂಡ್ ಮಾದರಿಯನ್ನು ತಮ್ಮದೇ ಗುರುತು ಹಾಕಿ ಮಾಡಿದರು, ಅವೂ ಚೆನ್ನಾಗಿವೆ. ಹಳೆಯದರ ಬೆಲೆಗೆ ಕೊಳ್ಳಬಾರದು, ಅಷ್ಟೇ.

ಮೊದಲು ತಳ ನೋಡಿ. ಇಂಗ್ಲೆಂಡ್ ಅಂತ ಅಚ್ಚು ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಅಮೆರಿಕಕ್ಕೆ ಕಳಿಸುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅನ್ನುವ ಕಾನೂನು ಆಗ ಬಂತು. ಮೇಡ್ ಇನ್ ಇಂಗ್ಲೆಂಡ್ ಅಂತ ಪೂರ್ತಿ ಇದ್ದರೆ ಇನ್ನೂ ಈಚಿನದು, 20ನೇ ಶತಮಾನದ್ದು. ಏನೂ ಇಲ್ಲದಿದ್ದರೆ ನಿರಾಸೆ ಬೇಡ, ಹಳೆಯವುಗಳಲ್ಲಿ ಎಷ್ಟೋಂದಕ್ಕೆ ಗುರುತೇ ಇಲ್ಲ. ತಳದ ಉಂಗುರದ ಒಳಮೂಲೆಯಲ್ಲಿ ಗ್ಲೇಜು ನಿಂತಲ್ಲಿ ನಸು ನೀಲಿ ಕಾಣುತ್ತದೆಯಾ ನೋಡಿ. 1800ರ ಆಸುಪಾಸಿನ ಪರ್ಲ್‌ವೇರ್ ಅನ್ನುವ ಬಿಳಿ ಪಾತ್ರೆಗಳ ಗ್ಲೇಜಿಗೆ ಚೂರು ಕೋಬಾಲ್ಟ್ ಹಾಕುತ್ತಿದ್ದರು, ನಾವು ಬಿಳಿ ಬಟ್ಟೆಗೆ ನೀಲಿ ಹಾಕುವ ಹಾಗೆಯೇ, ಬಿಳಿ ಇನ್ನಷ್ಟು ಬಿಳಿ ಕಾಣಲಿ ಅಂತ.

ಆಮೇಲೆ ಕೈ ಆಡಿದ ಜಾಗ ಹುಡುಕಿ. ಇದು ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಜಗ್ಗು ಮೇಜಿನ ಮೇಲೆಯೇ ಇರಲಿ, ಹಾಲು ಸುರಿಯುವವರ ಹಾಗೆ ಹಿಡಿಗೆ ಕೈ ಹಾಕಿ ನೋಡಿ. ಈಗ ಹೆಬ್ಬೆರಳು ಎಲ್ಲಿ ಕೂತಿದೆ? ಹಿಡಿಯ ಮೇಲ್ಭಾಗದಲ್ಲಿ ಅಲ್ವಾ? ಅಲ್ಲಿ ಲಸ್ಟರ್ ಸವೆದು ಬಿಳಿ ಕಾಣಬೇಕು. ಮೂತಿಯ ತುದಿ ಸವೆದಿರಬೇಕು. ತಳದ ಉಂಗುರದ ಮೇಲೆ ಬೇರೆ ಬೇರೆ ದಿಕ್ಕಿನ ಸಣ್ಣ ಗೀರು ಇರಬೇಕು, ನೂರಾರು ಸಲ ಎಳೆದು ಇಟ್ಟದ್ದರಿಂದ. ನಕಲಿಯಲ್ಲಿ ಸವೆತ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಅಥವಾ ಯಾರ ಕೈಯೂ ಹೋಗದ ಜಾಗದಲ್ಲಿ ಇರುತ್ತದೆ. ನಮ್ಮ ಜಗ್ಗಿನ ಹಿಡಿಯ ಮೇಲೆ ಒಂದು ಹೆಬ್ಬೆರಳಿನ ಅಗಲದ ಬಿಳಿ ಇದೆ. ನನ್ನ ಹೆಬ್ಬೆರಳು ಇಟ್ಟರೆ ಅಲ್ಲಿ ಸರಿಯಾಗಿ ಕೂರುತ್ತದೆ.

ಭೂತಗನ್ನಡಿ ಹಿಡಿದು ಕಪ್ಪು ಚಿತ್ರ ನೋಡಿ. ಹಳೆಯದರಲ್ಲಿ ಕೊರೆದ ಗೆರೆ, ಕೈಯಲ್ಲಿ ಕುಟ್ಟಿದ ದಪ್ಪ ಸಣ್ಣ ಚುಕ್ಕಿ. ಹೊಸದರಲ್ಲಿ ಪೇಪರಿನ ಫೋಟೋದ ಹಾಗೆ ಸಾಲಾಗಿ ಒಂದೇ ಅಳತೆಯ ಚುಕ್ಕಿ. ಕಾಗದ ಒತ್ತುವಾಗ ಮಡಿಚಿಕೊಂಡ ಗುರುತು ಸಿಕ್ಕರೆ ಖುಷಿಪಡಿ. ಗ್ಲೇಜಿನ ಬಿರುಕಿನ ಜಾಲದಲ್ಲಿ ಕಂದು ಕಲೆ ಎಲ್ಲ ಕಡೆ ಒಂದೇ ಬಣ್ಣ ಇದ್ದರೆ ಅನುಮಾನ ಪಡಿ, ಚಹಾದಲ್ಲಿ ಅದ್ದಿ ಮುಪ್ಪು ಬರಿಸುವವರು ಇದ್ದಾರೆ.

ಒಡೆದು ಜೋಡಿಸಿದ್ದಾ ಅಂತ ತಿಳಿಯಲು ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವುದನ್ನೇ ಮಾಡಿ. ಅಂಗೈ ಮೇಲೆ ಕೂರಿಸಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದನಿ ಬದ್ ಅಂತ ಸತ್ತು ಹೋದರೆ ಎಲ್ಲೋ ಸೀಳು ಇದೆ. ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಸಣ್ಣ ಟಾರ್ಚು ಸಿಗುತ್ತದೆ. ಕತ್ತಲ ಕೋಣೆಯಲ್ಲಿ ಅದನ್ನು ಹಾಯಿಸಿದರೆ ರಿಪೇರಿ ಮಾಡಿ ಬಣ್ಣ ಬಳಿದ ಜಾಗ ಬೇರೆಯಾಗಿ ಹೊಳೆಯುತ್ತದೆ.

ಮಗ್ಗು ಸಿಕ್ಕರೆ ಒಳಗೆ ಇಣುಕಿ ನೋಡಿ. ಕೆಲವದರ ಒಳಗೋಡೆಗೆ ಮಣ್ಣಿನ ಕಪ್ಪೆ ಅಂಟಿಸಿರುತ್ತಾರೆ. ಕುಡಿದು ಮುಗಿಯುತ್ತ ಬಂದ ಹಾಗೆ ಕಪ್ಪೆ ಮೇಲೇಳುತ್ತದೆ. ಹಡಗಿನವರ ಊರಿನ ತಮಾಷೆ ಅದು.

ತೊಳೆಯುವುದು, ಇಡುವುದು

ಈಗ ತೊಳೆಯಬಹುದು. ಒಣ ಮೆತ್ತನೆ ಬ್ರಷ್ಷಿನಿಂದ, ಚಿತ್ರಕಾರರು ಬಳಸುವಂಥದ್ದು, ಮೊದಲು ಧೂಳು ತೆಗೆಯಿರಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು ಹಾಕಿ, ಸೌಮ್ಯ ಸೋಪಿನ ಎರಡು ಹನಿ ಬಿಡಿ. ಜಗ್ಗನ್ನು ನೀರಲ್ಲಿ ಮುಳುಗಿಸಿ ಬಿಡಬೇಡಿ, ಗ್ಲೇಜಿನ ಬಿರುಕಿನಿಂದ ನೀರು ಮಣ್ಣಿಗೆ ಇಳಿದರೆ ಕಲೆ ಏಳುತ್ತದೆ. ಹತ್ತಿ ಬಟ್ಟೆ ಅದ್ದಿ, ಹಿಂಡಿ, ಮಗುವಿನ ಮುಖ ಒರೆಸುವ ಹಾಗೆ ಒರೆಸಿ. ಹಿಡಿ ಹಿಡಿದು ಎತ್ತಬೇಡಿ, ಹಳೆ ಹಿಡಿಗಳು ಬುಡದಲ್ಲಿ ಸೀಳಿರುತ್ತವೆ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಎತ್ತಿ. ರಿಪೇರಿ ಆದ ಪಾತ್ರೆಗೆ ನೀರೇ ಬೇಡ.

ಹುಣಸೆ, ನಿಂಬೆ, ಬೂದಿ, ಹಿತ್ತಾಳೆ ತಿಕ್ಕುವ ಪುಡಿ, ಸ್ಕಾಚ್ ಬ್ರೈಟ್, ಬ್ಲೀಚಿಂಗ್, ಇದ್ಯಾವುದೂ ಹತ್ತಿರ ಸುಳಿಯಬಾರದು. ಬಂಗಾರಕ್ಕೆ ಹುಳಿ ಏನೂ ಮಾಡದು, ನಿಜ. ಆದರೆ ಮೇಲೆ ತುಂಬಿದ ಹಸಿರು ಕೆಂಪು ಬಣ್ಣಗಳಲ್ಲಿ ಸೀಸ ಇದೆ, ಅವನ್ನು ಹುಳಿ ತಿನ್ನುತ್ತದೆ. ಬೂದಿಯ ಕಾಳು ಬಂಗಾರದ ಪೊರೆಯನ್ನು ಗೀಚಿ ತೆಗೆಯುತ್ತದೆ. ಚಿಗವ್ವನ ಮಗ್ಗಿಗೆ ಆದದ್ದು ಅದೇ. ಹೋದ ಹೊಳಪು ಮರಳಿ ಬರುವುದಿಲ್ಲ. ನಾನು ಆ ಮಗ್ಗು ತೆಗೆದುಕೊಂಡು ಖಾನಾಪುರದ ಒಬ್ಬ ಹಿರಿಯ ಕುಂಬಾರರ ಹತ್ತಿರ ಹೋಗಿದ್ದೆ, ಮತ್ತೆ ಸುಟ್ಟರೆ ಏನಾದರೂ ಆಗುತ್ತದೆಯಾ ಅಂತ. ಖಾನಾಪುರ ಅಂದರೆ ಗೊತ್ತಲ್ಲ, ಅಲ್ಲಿಯ ಮಣ್ಣಿಗೆ ಹೆಸರು, ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಅವರು ಮಗ್ಗನ್ನು ತಿರುವಿ ತಿರುವಿ ನೋಡಿ, ಒಳಗಿನ ಬಿರುಕಿನ ಮೇಲೆ ಉಗುರು ಆಡಿಸಿ, "ಬ್ಯಾಡ ತಮ್ಮಾ. ನೂರೈವತ್ತ ವರ್ಷದಾಗ ಇದು ಎಷ್ಟ ನೀರ ಕುಡದದೋ ಏನೋ. ಆವಿಗ್ಯಾಗ ಇಟ್ಟರ ಸಿಡಿತದ" ಅಂದರು. ಮರಳಿ ಸುಡಿಸುವ ಯೋಚನೆ ನಿಮಗೂ ಬಂದರೆ ಅವರ ಮಾತು ನೆನಪಿರಲಿ.

ಇದರಲ್ಲಿ ಊಟ, ಚಹಾ, ಹಾಲು ಬೇಡ. ಆ ಕಾಲದ ಗ್ಲೇಜಿನಲ್ಲಿ ಸೀಸ ಇತ್ತು, ಹುಳಿ ಪದಾರ್ಥ ಅದನ್ನು ಕರಗಿಸಿ ಹೊಟ್ಟೆಗೆ ಸೇರಿಸುತ್ತದೆ. ಮಜ್ಜಿಗೆ, ಉಪ್ಪಿನಕಾಯಿ ಅಂತೂ ದೂರವೇ ಇರಲಿ. ಹಬ್ಬಕ್ಕೆ ಕುಂದಾ ಇಟ್ಟು ಕೊಡೋಣ ಅಂತ ತಟ್ಟೆ ತೆಗೆಯಬೇಡಿ, ಕುಂದಾಕ್ಕೆ ಸ್ಟೀಲ್ ತಟ್ಟೆ ಸಾಕು. ಮೈಕ್ರೋವೇವ್ ಬೇಡವೇ ಬೇಡ, ಮೇಲೆ ಇರುವುದು ಲೋಹ.

ನಮ್ಮ ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಕಪಾಟಿನ ಒಳಗೆ ಬೂಸ್ಟು ಬರುತ್ತದೆ. ಹಳೆ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಬೇಡಿ, ಪೇಪರು ತೇವ ಹಿಡಿದು ಶಾಯಿ ಬಿಡುತ್ತದೆ. ತೊಳೆದ ಹಳೆ ಹತ್ತಿ ಸೀರೆ ಅಥವಾ ಧೋತರದ ತುಂಡು ಎಲ್ಲಕ್ಕಿಂತ ಒಳ್ಳೆಯದು. ಗಾಜಿನ ಬಾಗಿಲಿನ ಕಪಾಟು ಇದ್ದರೆ ಹೊರಗೋಡೆಗೆ ತಾಗದ ಹಾಗೆ ಇಡಿ. ಒಂದರೊಳಗೆ ಒಂದು ಇಡಬೇಡಿ. ಹಿಡಿಯಿಂದ ಮೊಳೆಗೆ ನೇತು ಹಾಕಬೇಡಿ. ಗೋಡೆಗೆ ಹಾಕುವ ಫಲಕ ಸಿಕ್ಕಿದ್ದರೆ, ಅವುಗಳ ಮೇಲೆ ಹೆಚ್ಚಾಗಿ ಬೈಬಲ್ಲಿನ ಮಾತು ಇರುತ್ತದೆ, ಮೇಲಿನ ಎರಡು ತೂತಿಗೆ ತುಕ್ಕು ಹಿಡಿದ ಹಳೆ ತಂತಿ ತೆಗೆದು ಗಟ್ಟಿ ದಾರ ಹಾಕಿ. ಬೆಕ್ಕು ಇರುವ ಮನೆಯಾದರೆ ಕಪಾಟಿಗೆ ಚಿಲಕ ಹಾಕಿ.

ಒಡೆದರೆ ಎಲ್ಲ ಚೂರನ್ನೂ, ಧೂಳಿನಂಥದ್ದನ್ನೂ, ಒಂದು ಡಬ್ಬಿಗೆ ಹಾಕಿ. ಗಡಿಬಿಡಿಯಲ್ಲಿ ಫೆವಿಕ್ವಿಕ್ ಹಾಕಬೇಡಿ. ಒಂದು ಕೂದಲಿನಷ್ಟು ಆಚೀಚೆ ಕೂತರೂ ಕೊನೆಯ ಚೂರು ಒಳಗೆ ಹೋಗುವುದಿಲ್ಲ, ಬಿಡಿಸುವುದೂ ಕಷ್ಟ. ಮ್ಯೂಸಿಯಂನವರು ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ಬಳಸುತ್ತಾರೆ. ಅದನ್ನು ಅಸಿಟೋನಿನಿಂದ ಬಿಡಿಸಿ ಮತ್ತೆ ಜೋಡಿಸಬಹುದು.

ಮಾರುವ ವಿಚಾರ ಇದ್ದರೆ ಒಂದು ಕಾನೂನು ತಿಳಿದಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಮಾಡಿದ್ದು, ಇಂಗ್ಲೆಂಡಿಗೇ ಹೋಗುತ್ತದೆ ಅನ್ನುವ ವಾದ ನಡೆಯದು. ಯಾರಾದರೂ ಆನ್‌ಲೈನಿನಲ್ಲಿ ಪಾರ್ಸೆಲ್ ಮಾಡಿ ಅಂದರೆ ಒಪ್ಪಬೇಡಿ. ಅನುಮಾನ ಇದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ಕಚೇರಿಯಲ್ಲಿ ವಿಚಾರಿಸಿ. ದೇಶದ ಒಳಗೆ ಮಾರುವುದಾದರೂ ಒಂದೇ ಅಂಗಡಿಯವರ ಮಾತು ಕೇಳಿ ಕೊಡಬೇಡಿ. ಸಂಡರ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಈ ಪಾತ್ರೆಗಳ ದೊಡ್ಡ ಸಂಗ್ರಹ ಇದೆ, ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟ್‌ನಲ್ಲಿ ಫ್ರೀಮೇಸನ್ ಮ್ಯೂಸಿಯಂ ಇದೆ. ಅವರ ಸಂಗ್ರಹದ ಫೋಟೋಗಳ ಜೊತೆ ನಿಮ್ಮದನ್ನು ಹೋಲಿಸಿ ನೋಡಿ.

ಫೋಟೋ ತೆಗೆಯುವಾಗ ಫ್ಲ್ಯಾಷ್ ಬೇಡ, ಹೊಳಪು ಬಿಳಿಯಾಗಿ ಹಾರಿ ಹೋಗುತ್ತದೆ. ಬೆಳಗಿನ ಹೊತ್ತು ಕಿಟಕಿ ಪಕ್ಕ, ಬಿಳಿ ಪಂಚೆ ಹಿಂದೆ ಹಿಡಿದು ತೆಗೆಯಿರಿ. ಎರಡು ಕೆನ್ನೆ, ಮೂತಿ, ಹಿಡಿ, ತಳ, ಒಳಭಾಗ, ಇಷ್ಟು ಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಒಂದು ನೋಟುಬುಕ್ಕಿನಲ್ಲಿ ಎತ್ತರ, ಅಕ್ಷರಗಳು, ಸೀಳು, ಸವೆತ ಎಲ್ಲ ಬರೆಯಿರಿ. ಯಾರ ಮನೆಯಿಂದ ಯಾರ ಮನೆಗೆ ಬಂತು ಅನ್ನುವುದನ್ನೂ ಬರೆಯಿರಿ, ಹಿರಿಯರು ಇರುವಾಗಲೇ ಕೇಳಿ ಬರೆಯಿರಿ. ನಾನು ನಮ್ಮ ಜಗ್ಗಿನ ಬಗ್ಗೆ ಬರೆಯುತ್ತ ಕೂತಾಗ ಚಿಗವ್ವ ಬಂದು ಪಕ್ಕದಲ್ಲಿ ಕೂತಳು. ಅಜ್ಜ ಇದನ್ನು ಕ್ಯಾಂಪಿನಿಂದ ಹೊತ್ತು ತಂದದ್ದು ಅಕ್ಕಿಹಿಟ್ಟಿನ ಡಬ್ಬಿಯಲ್ಲಿ, ಹಿಟ್ಟಿನ ನಡುವೆ ಹುಗಿದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಅಂತ ಅವಳು ಹೇಳಿದ್ದು ಆವತ್ತೇ. ಅದನ್ನೂ ಬರೆದುಕೊಂಡೆ. ಅವಳ ಮಗ್ಗಿಗೆ ಈಗ ಅದೇ ನೋಟುಬುಕ್ಕಿನಲ್ಲಿ ಎರಡನೇ ಪುಟ ಇದೆ, ಹುಣಸೆಹಣ್ಣಿನಿಂದ ತಿಕ್ಕಿದ ಜಾಗದ ಅಳತೆಯೂ ಸೇರಿ.